ಕಾರುಗಳ ಆಚೆಗಿನ ಬಸ್ ಸ್ಟಾಪು

ಗಾಜಿನ ಬಾಗಿಲು ತನ್ನಷ್ಟಕ್ಕೆ ತಾನೇ ಸರಿದು ಹೊರಗಿನ ಬಿಸಿಲು ಮುಖಕ್ಕೆ ಬಡಿದಾಗ ರೈಟಮ್ಮನಿಗೆ ಮೊದಲು ಕಂಡದ್ದು ಟ್ಯಾಕ್ಸಿ. ಅದರ ಹಿಂದೆ ಇನ್ನೊಂದು ಟ್ಯಾಕ್ಸಿ. ಎಡಕ್ಕೆ ತಿರುಗಿದರೆ ಟ್ಯಾಕ್ಸಿಯವರ ಗೂಡು, ಬಲಕ್ಕೆ ತಿರುಗಿದರೆ ಬಾಡಿಗೆ ಕಾರಿನವರ ಗೂಡು, ನಡುವೆ "ಎಲ್ಲಿಗೆ ಮೇಡಂ, ಎಲ್ಲಿಗೆ ಸಾರ್" ಎಂದು ದಾರಿಗೆ ಅಡ್ಡ ನಿಂತ ಗಂಡಸರ ದಂಡು. ಕುಂಡಗಳಲ್ಲಿ ಹೂವಿತ್ತು, ಹುಲ್ಲು ಹಾಸಿತ್ತು, ಸುಮ್ಮನೆ ನೋಡಿಕೊಂಡು ನಿಲ್ಲುವುದಕ್ಕೆ ಒಂದು ಕಾರಂಜಿಯೂ ಇತ್ತು. ಬಸ್ಸು ಮಾತ್ರ ಕಣ್ಣು ಹಾಯುವಷ್ಟು ದೂರಕ್ಕೂ ಇರಲಿಲ್ಲ.

"ಅಲ್ರೀ, ಇಷ್ಟು ದೊಡ್ಡ ಊರು. ಒಂದು ಬಸ್ಸಿಗೆ ಗತಿ ಇಲ್ವಾ ಇವರಿಗೆ?" ಎಂದಳು ಗಂಡನಿಗೆ.

"ಇರುತ್ತೆ ಬಿಡೇ. ಎಲ್ಲೋ ಸ್ವಲ್ಪ ಮುಂದೆ ಇರುತ್ತೆ," ಎಂದ ಗಂಡ. ಅವನ ಸ್ವಭಾವವೇ ಹಾಗೆ. ಊರು ಹೊತ್ತಿ ಉರಿದರೂ ಸ್ವಲ್ಪ ಮುಂದೆ ನೀರಿರುತ್ತದೆ ಎನ್ನುವ ಪೈಕಿ.

ರೈಟಮ್ಮ ಎನ್ನುವುದು ಅವಳ ಹುಟ್ಟು ಹೆಸರಲ್ಲ. ಬಸ್ಸಿನ ಕಂಡಕ್ಟರಾಗಿ ಒಂದು ಇಡೀ ಆಯುಷ್ಯ "ರೈಟ್, ರೈಟ್" ಎಂದು ಕೂಗಿದವಳಿಗೆ ಪ್ರಯಾಣಿಕರು ಇಟ್ಟ ಹೆಸರು ಅದು, ನಿವೃತ್ತಿಯಾದರೂ ಬಿಟ್ಟಿಲ್ಲ. ಗಂಡ ಅದೇ ಬಸ್ಸಿನ ಡ್ರೈವರು. ಹಿಂದಿನಿಂದ ಇವಳು ಬಸ್ಸಿನ ಮೈಗೆ ಅಂಗೈಯಿಂದ ಎರಡೇಟು ಬಡಿದು "ರೈಟ್" ಅನ್ನಬೇಕು, ಮುಂದೆ ಅವನು ಗೇರು ಹಾಕಬೇಕು. ಇವಳ "ರೈಟ್" ಕಿವಿಗೆ ಬಿದ್ದ ಮೇಲೆ ಅವನು ಕತ್ತು ತಿರುಗಿಸಿ ಹಿಂದೆ ನೋಡಿದ್ದೇ ಇಲ್ಲ. ಮನೆಯಲ್ಲೂ ಇದೇ ಪದ್ಧತಿಯಂತೆ ಎಂದು ಡಿಪೋದವರು ನಗುತ್ತಿದ್ದರು. ನಕ್ಕರೆ ನಗಲಿ, ಸುಳ್ಳೇನಲ್ಲ.

ಇವರಿಬ್ಬರೂ ವಿಮಾನ ಹತ್ತಿ ಕಾಣದ ಊರಿಗೆ ಬಂದದ್ದು ಮಗಳಿಗಾಗಿ. ಒಬ್ಬಳೇ ಮಗಳು, ಕಟ್ಟಡಗಳ ನಕ್ಷೆ ಬರೆಯುವ ದೊಡ್ಡ ಕಚೇರಿಯೊಂದರಲ್ಲಿ ಕೆಲಸ. ಅವಳು ಮಾಡಿದ ಯಾವುದೋ ಕೆಲಸಕ್ಕೆ ಈ ವರ್ಷದ ಬಹುಮಾನ ಬಂದಿತ್ತು. ಆ ದಿನ ಸಂಜೆ ಊರ ನಡುವಿನ ಸಭಾಭವನದಲ್ಲಿ ಸಮಾರಂಭ. "ಏನು ಕೆಲಸಕ್ಕೇ ಬಹುಮಾನ?" ಎಂದು ಫೋನಿನಲ್ಲಿ ಕೇಳಿದರೆ ಮಗಳು, "ಬಂದಾಗ ಕಣ್ಣಾರೆ ನೋಡ್ತೀಯಲ್ಲಮ್ಮ, ಈಗಲೇ ಹೇಳಲ್ಲ," ಎಂದು ನಕ್ಕಿದ್ದಳು. ಆಮೇಲೆ ದನಿ ಇಳಿಸಿ, "ನನ್ನ ಹೆಸರು ಕೂಗೋವಾಗ ನೀನು ಮುಂದಿನ ಸಾಲಲ್ಲಿ ಇರಬೇಕು. ಅಷ್ಟೇ ಸಾಕು ನಂಗೆ," ಎಂದಿದ್ದಳು.

ಆ ಮಾತು ರೈಟಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ನಾಟಿತ್ತು. ಮಗಳು ಶಾಲೆಯಲ್ಲಿ ಚಿತ್ರ ಬರೆದು ಬಹುಮಾನ ಪಡೆದ ದಿನಗಳಲ್ಲೆಲ್ಲ ತಾಯಿ ಡ್ಯೂಟಿಯಲ್ಲಿದ್ದಳು. ಒಂದಕ್ಕೂ ಹೋಗಲಾಗಿರಲಿಲ್ಲ. ಹುಡುಗಿ ಪ್ರತಿ ಸಲವೂ ಬಹುಮಾನದ ಲೋಟವನ್ನೋ ಪುಸ್ತಕವನ್ನೋ ಹಿಡಿದು ಬಸ್ ಸ್ಟಾಪಿಗೆ ಬಂದು ನಿಂತಿರುತ್ತಿತ್ತು. ಬಸ್ಸು ನಿಂತಷ್ಟು ಹೊತ್ತಿನಲ್ಲೇ ತಾಯಿ ನೋಡಿ, ಕೆನ್ನೆ ಸವರಿ, "ರೈಟ್" ಅನ್ನಬೇಕಿತ್ತು. ಈ ಒಂದು ಸಲವಾದರೂ ಆ ಕೊರತೆ ತೀರಬೇಕು, ಹೆಸರು ಕೂಗುವ ಹೊತ್ತಿಗೆ ತಾನು ಅಲ್ಲಿ ಇರಲೇಬೇಕು ಎಂದು ಹಟ ತೊಟ್ಟು ಬಂದಿದ್ದಳು.

ಟ್ಯಾಕ್ಸಿ ಹೇಳಿಬಿಡುತ್ತೇನೆ ಎಂದಿದ್ದಳು ಮಗಳು. ಬೇಡ ಎಂದಿದ್ದು ರೈಟಮ್ಮನೇ.

"ಜೀವಮಾನವೆಲ್ಲ ಜನರನ್ನ ಬಸ್ಸು ಹತ್ತಿಸಿ ಈಗ ನಾನು ಟ್ಯಾಕ್ಸಿ ಹತ್ತಲಾ? ಅನ್ನ ಹಾಕಿದ್ದು ಬಸ್ಸು ಕಣೇ. ಬಸ್ಸಿದೆ ತಾನೆ ಅಲ್ಲಿ?"

"ಇದೆ. ಆದ್ರೆ ಅಮ್ಮ, ಆ ಏರ್‌ಪೋರ್ಟಿಂದ ಬಸ್ಸು ಬೇಡಮ್ಮ. ಅಪ್ಪನ ಮಂಡಿ ಬೇರೆ."

"ಮಂಡಿ ಹೋಗಿದ್ದು ಬಸ್ಸಿಂದಲೇ. ಬಸ್ಸೇ ಹೊತ್ಕೊಂಡು ಹೋಗಲಿ," ಎಂದು ಫೋನಿಟ್ಟಿದ್ದಳು.

ಈಗ ಆ ಬಸ್ಸನ್ನು ಹುಡುಕಬೇಕಿತ್ತು. ಹೂಕುಂಡದ ಹಿಂದೆ, ಕಾರು ನಿಲ್ಲಿಸುವ ಜಾಗಕ್ಕೆ ದಾರಿ ತೋರುವ ಭಾರಿ ಫಲಕದ ಕೆಳತುದಿಯಲ್ಲಿ, ಅಂಚೆಚೀಟಿಯಷ್ಟು ಚಿಕ್ಕದಾಗಿ ಬಸ್ಸಿನ ಚಿತ್ರವೊಂದು ಅಂಟಿಕೊಂಡಿತ್ತು. ಪಕ್ಕದಲ್ಲಿ ಒಂದು ಬಾಣ. ಕಳ್ಳನ ಗುರುತು ಹಿಡಿದ ಹಾಗೆ ರೈಟಮ್ಮ ಅದನ್ನು ಹಿಡಿದಳು. ಬಾಣ ತೋರಿಸಿದ ಕಡೆ ನಡೆದರೆ ಮುಂದಿನ ತಿರುವಿನಲ್ಲಿ ಬಾಣವೇ ಇರಲಿಲ್ಲ. ಅಲ್ಲಿ ನಿಂತಿದ್ದ ಕಾವಲುಗಾರನನ್ನು ಕೇಳಿದಳು.

"ಬಸ್ಸಾ?" ಎಂದ ಅವನು, ಕತ್ತೆ ಎಲ್ಲಿ ಸಿಗುತ್ತದೆ ಎಂದು ಅವಳು ಕೇಳಿದಳೇನೋ ಎನ್ನುವ ಹಾಗೆ. "ಬಸ್ಸಲ್ಲಿ ಯಾರಮ್ಮ ಹೋಗ್ತಾರೆ ಇಲ್ಲಿಂದ? ಟ್ಯಾಕ್ಸಿ ಮಾಡ್ಕೊಳಿ."

"ನಾನು ಹೋಗ್ತೀನಿ. ನನ್ನ ಗಂಡ ಹೋಗ್ತಾರೆ. ಇಬ್ಬರಾದ್ವಲ್ಲ, ಸಾಲದಾ? ಎಲ್ಲಿದೆ ಹೇಳಪ್ಪ."

ಅವನು ಕೈ ಬೀಸಿದ. ಕಾರುಗಳ ಸಾಲಿನ ಆಚೆ, ಅದರಾಚೆಯ ಸಾಲಿನ ಆಚೆ, ಎಲ್ಲೋ ಆಕಾಶದ ಅಂಚಿನ ಕಡೆಗೆ.

ನಡೆದರು. ಕಾರುಗಳಿಗೆ ಮೇಲೆ ಚಾವಣಿ ಇತ್ತು, ನೆರಳಿತ್ತು, ನೆಲ ಕನ್ನಡಿಯಂತೆ ನುಣ್ಣಗಿತ್ತು. ನಡೆಯುವವರಿಗೆ ಕಾರುಗಳ ಪಕ್ಕದಲ್ಲಿ ಒಂದು ಓಣಿ, ಅದಕ್ಕೆ ಜಲ್ಲಿ ಸುರಿದಿದ್ದರು. ಸೂಟ್‌ಕೇಸಿನ ಪುಟ್ಟ ಗಾಲಿಗಳು ಜಲ್ಲಿಯಲ್ಲಿ ಹೂತು, ಎಳೆದರೆ ಬರದೆ, ಎತ್ತಿದರೆ ತೋಳು ಕೀಳುವಂತಾಗಿ, ರೈಟಮ್ಮ ಅದನ್ನು ಸೊಂಟಕ್ಕೇರಿಸಿಕೊಂಡಳು. ಹಿಂದೆ ಗಂಡ ಎಡಗಾಲು ಎಳೆಯುತ್ತ ಬರುತ್ತಿದ್ದ. ದಿನವಿಡೀ ಕ್ಲಚ್ಚು ತುಳಿದು ತುಳಿದು ಅವನ ಎಡಮಂಡಿ ಸವೆದುಹೋಗಿತ್ತು. ಸ್ವಲ್ಪ ದೂರ ನಡೆದರೆ ಕೂರಬೇಕು, ಕೂತರೆ ಏಳುವುದಕ್ಕೆ ಯಾರಾದರೂ ಕೈ ಕೊಡಬೇಕು.

"ಇವಳೇ, ಒಂಚೂರು ನಿಲ್ಲು," ಎಂದ.

ಕೂರಲು ಒಂದು ಬೆಂಚಿಲ್ಲ. ಒಂದು ಕಟ್ಟೆ ಇಲ್ಲ. ಅವನು ದಾರಿಯಂಚಿನ ಸಿಮೆಂಟು ಕಲ್ಲಿನ ಮೇಲೆ ಕುಕ್ಕರಿಸಿದ. ನೆತ್ತಿಯ ಮೇಲೆ ಬಿಸಿಲು, ಎದುರಿಗೆ ನೆರಳಲ್ಲಿ ತಣ್ಣಗೆ ನಿದ್ದೆ ಮಾಡುತ್ತಿರುವ ಕಾರುಗಳು. ಅದನ್ನು ನೋಡಿ ರೈಟಮ್ಮನ ಪಿತ್ತ ನೆತ್ತಿಗೇರಿತು. ಅವಳ ಕೋಪ ಯಾವತ್ತೂ ಮೂಗಿನ ತುದಿಯಲ್ಲೇ ಇರುವುದು, ಆದರೆ ಸಾಮಾನ್ಯವಾಗಿ ಬಂದಷ್ಟೇ ಬೇಗ ಇಳಿಯುತ್ತಿತ್ತು. ಈ ಸಲ ಇಳಿಯಲಿಲ್ಲ.

"ಕಾರಿಗೆ ಸೂರು, ಮನುಷ್ಯರಿಗೆ ಬಿಸಿಲು. ಎಂಥ ನ್ಯಾಯ ರೀ ಇದು? ಬಸ್ಸಿಗೆ ಹೋಗೋರು ಮನುಷ್ಯರಲ್ವಾ? ನಮ್ಮನ್ನ ಕಂಡ್ರೆ ಇವರ ಕಾರಂಜಿ ಒಣಗಿ ಹೋಗುತ್ತಾ?"

"ಜಾಗ ಇರಲಿಲ್ವೇನೋ ಪಾಪ."

"ಕಾರಂಜಿಗೆ ಜಾಗ ಇತ್ತು. ಇದನ್ನ ಯಾವನೋ ಕೂತು, ಯೋಚನೆ ಮಾಡಿ, ಬೇಕು ಅಂತಲೇ ಹೀಗೆ ಇಟ್ಟಿದ್ದಾನೆ ರೀ. ತಣ್ಣಗಿನ ರೂಮಲ್ಲಿ ಕೂತು ಇಟ್ಟಿದ್ದಾನೆ. ಅವನು ಹುಟ್ಟಿದ ಮೇಲೆ ಒಂದು ದಿನ ಬಸ್ಸು ಹತ್ತಿರಲ್ಲ. ಅವರಮ್ಮ ಏನು ಕಲಿಸಿ ಬೆಳೆಸಿದ್ಲೋ ಅವನನ್ನ."

ಗಂಡ ಏಳಲು ನೋಡಿದ. ಕೈ ನೀಡಿದ. ಅವಳು ಎಳೆದು ಎಬ್ಬಿಸಿದಳು.

ಕೊನೆಗೂ ಸಿಕ್ಕಿತು. ಬಸ್ ಸ್ಟಾಪು ಎಂದರೆ ಒಂದು ಕಂಬ, ಕಂಬಕ್ಕೆ ಒಂದು ತಗಡು. ಅದರ ಸುತ್ತ ಬಿಸಿಲಿನಲ್ಲಿ ಜನ ಮುತ್ತಿಕೊಂಡಿದ್ದರು. ಮಗು ಎತ್ತಿಕೊಂಡವರು, ಕೈಚೀಲ ಹೊತ್ತವರು, ವಿಮಾನ ನಿಲ್ದಾಣದಲ್ಲಿ ಕೆಲಸ ಮುಗಿಸಿ ಹೊರಟ ಸಮವಸ್ತ್ರದವರು. ಅಷ್ಟರಲ್ಲಿ ಬಸ್ಸು ಬಂತು. ಹೊಸ ಬಸ್ಸು, ಒಂದೇ ಬಾಗಿಲು, ಕಂಡಕ್ಟರೇ ಇಲ್ಲ. ಡ್ರೈವರಿನ ಪಕ್ಕದಲ್ಲಿ ಒಂದು ಮಷೀನು ಕೂತು ಟಿಕೆಟ್ಟು ಉಗುಳುತ್ತಿತ್ತು. ತನ್ನ ಜಾಗದಲ್ಲಿ ಡಬ್ಬವೊಂದು ಕೂತದ್ದನ್ನು ಕಂಡು ರೈಟಮ್ಮನಿಗೆ ಇನ್ನಷ್ಟು ಉರಿಯಿತು.

ಬಾಗಿಲಲ್ಲಿ ನೂಕುನುಗ್ಗಲು. ಮೊದಲು ಹತ್ತಿದವರು ಮೆಟ್ಟಿಲಲ್ಲೇ ನಿಂತುಬಿಟ್ಟಿದ್ದರು, ಹಿಂದಿನವರು ತಳ್ಳುತ್ತಿದ್ದರು, ಮಗು ಅಳುತ್ತಿತ್ತು. ಇದನ್ನು ನೋಡಿಕೊಂಡು ಸುಮ್ಮನಿರುವುದು ರೈಟಮ್ಮನ ಜಾತಕದಲ್ಲಿ ಬರೆದಿರಲಿಲ್ಲ.

"ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಎಲ್ಲ ಖಾಲಿ ಇದೆ. ಏನಪ್ಪ, ಮೆಟ್ಟಿಲು ಕೊಂಡ್ಕೊಂಡಿದ್ದೀಯಾ? ಸ್ವಲ್ಪ ಸರ್ಕೋ. ಮಗು ಇರೋರಿಗೆ ದಾರಿ ಬಿಡಿ."

ಆ ದನಿಗೆ ಜನ ತಾವಾಗಿ ಸರಿದರು. ಮಗುವಿನ ತಾಯಿಯನ್ನು ಹತ್ತಿಸಿದಳು, ಮುದುಕರೊಬ್ಬರ ಚೀಲ ಎತ್ತಿ ಕೊಟ್ಟಳು, ಗಂಡನನ್ನೂ ಸೂಟ್‌ಕೇಸನ್ನೂ ಮುಂದಿನ ಸೀಟಿಗೆ ಸೇರಿಸಿದಳು. ಇಬ್ಬರಿಗೂ ಇದ್ದ ಒಂದೇ ಫೋನು ಅವನ ಜೇಬಿನಲ್ಲಿತ್ತು. ಮತ್ತೆ ಕೆಳಗಿಳಿದು ಇನ್ನಿಬ್ಬರನ್ನು ಹತ್ತಿಸಿದಳು. ಯಾರಾದರೂ ಓಡಿ ಬರುತ್ತಿದ್ದಾರೆಯೇ ಎಂದು ಹಿಂದೆ ಮುಂದೆ ನೋಡಿದಳು. ಯಾರೂ ಇರಲಿಲ್ಲ. ಎಲ್ಲ ಸರಿಯಾಗಿತ್ತು. ಅವಳ ಅಂಗೈ ಅವಳನ್ನು ಕೇಳದೆ ಮೇಲೆದ್ದು ಬಸ್ಸಿನ ಮೈಗೆ ಎರಡೇಟು ಬಡಿಯಿತು.

"ರೈಟ್!"

ಆ ಡ್ರೈವರೂ ಹಳೆಯ ಕೈ ಇರಬೇಕು. ಬಡಿತ ಕಿವಿಗೆ ಬಿದ್ದದ್ದೇ ತಡ, ಬಸ್ಸು ಹೊರಟಿತು. ಹಿಂದಿನ ಕಾಲದಲ್ಲಾದರೆ ರೈಟಮ್ಮ ಚಲಿಸುವ ಬಸ್ಸಿನ ಕಂಬಿ ಹಿಡಿದು ಮೆಟ್ಟಿಲಿಗೆ ಹಾರುತ್ತಿದ್ದಳು. ಈಗಲೂ ಕೈ ಕಂಬಿಗೆ ಚಾಚಿತು, ಆದರೆ ಈ ಬಸ್ಸಿಗೆ ಹೊರಗೆ ಕಂಬಿ ಇರಲಿಲ್ಲ, ಮೆಟ್ಟಿಲು ಬಾಗಿಲ ಒಳಗಿತ್ತು. ಬಾಗಿಲು ಅವಳ ಮೂಗಿನ ಮುಂದೆ ಮುಚ್ಚಿಕೊಂಡಿತು. ಗಾಜಿನಲ್ಲಿ ಗಂಡನ ಹಿಂದಲೆ ಕಂಡಿತು. ಅವನು ಎದುರಿನ ರಸ್ತೆಯನ್ನೂ ಡ್ರೈವರನ ಕೈಯನ್ನೂ ನೋಡುತ್ತಿದ್ದ. ಹೆಂಡತಿ "ರೈಟ್" ಅಂದಿದ್ದಳು, ಇನ್ನು ಹಿಂದೆ ತಿರುಗಿ ನೋಡುವುದಕ್ಕೇನಿದೆ?

"ರೀ! ಏನ್ರೀ!" ಎಂದು ಓಡಿದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ನಾಚಿಕೆ, ಕೋಪ, ಎರಡೂ ಒಟ್ಟಿಗೆ ನುಗ್ಗಿ ರೈಟಮ್ಮ ಕಂಬದ ಬುಡದಲ್ಲಿ ಒಬ್ಬಳೇ ನಿಂತಳು. ಊರಿಗೆಲ್ಲ ಬಸ್ಸು ಹತ್ತಿಸಿದವಳು ತಾನೇ ಬಸ್ಸು ತಪ್ಪಿಸಿಕೊಂಡಿದ್ದಳು. ತಗಡನ್ನು ನೋಡಿದರೆ ಮುಂದಿನ ಬಸ್ಸು ಯಾವಾಗ ಎನ್ನುವ ಜಾಗ ಬಿಸಿಲಿಗೆ ಮಾಸಿಹೋಗಿತ್ತು.

"ಬಹಳ ಹೊತ್ತಾಗುತ್ತೆ ಅಕ್ಕ. ಕೂತ್ಕೊಳಿ," ಎಂದಿತು ಒಂದು ದನಿ.

ಸಮವಸ್ತ್ರದ ಹೆಂಗಸೊಬ್ಬಳು ಬೆವರೊರೆಸಿಕೊಳ್ಳುತ್ತ ಬಂದು ನಿಂತಿದ್ದಳು. ವಿಮಾನ ನಿಲ್ದಾಣದಲ್ಲಿ ನೆಲ ಒರೆಸುವವಳು, ಪಾಳಿ ಮುಗಿಸಿ ಹೊರಟವಳು. ಕಂಕುಳಲ್ಲಿ ಮಡಚಿ ಇಟ್ಟುಕೊಂಡಿದ್ದ ಒಂದು ರಟ್ಟನ್ನು ಬಿಡಿಸಿ ನೆಲಕ್ಕೆ ಹಾಕಿದಳು.

"ರಟ್ಟು ಯಾವಾಗಲೂ ಇಟ್ಕೊಂಡೇ ಓಡಾಡ್ತೀಯೇನಮ್ಮ?"

"ಇಟ್ಕೊಳ್ಳದೆ? ದಿನಾ ಇಲ್ಲೇ ನಿಲ್ಲಬೇಕಲ್ಲ. ನೆಲ ಕಾದಿರುತ್ತೆ. ಮಳೆ ಬಂದ್ರೆ ಇದೇ ರಟ್ಟು ತಲೆ ಮೇಲೆ."

"ಒಂದು ಚಪ್ಪರ ಹಾಕಿ ಅಂತ ಕೇಳಲಿಲ್ವಾ ನೀವು?"

"ಕೇಳಿದ್ವಿ ಅಕ್ಕ. ನಕ್ಷೆಯಲ್ಲಿ ಇಲ್ಲ ಅಂದ್ರು. ಹಳೇ ಸ್ಟಾಪು ಬಾಗಿಲ ಹತ್ರಾನೇ ಇತ್ತು. ಹೊಸ ಕಟ್ಟಡ ಬಂದ ಮೇಲೆ ಇಲ್ಲಿಗೆ ತಳ್ಳಿದ್ರು. ಚಂದ ಕಾಣಲ್ವಂತೆ. ನಮ್ಮಲ್ಲಿ ಒಬ್ಬಳು ಬಸುರಿ ಇದ್ದಾಳೆ, ಇಲ್ಲಿವರೆಗೆ ನಡೆದು ಬಂದು ಕಂಬ ಹಿಡ್ಕೊಂಡು ನಿಂತಿರ್ತಾಳೆ."

ರೈಟಮ್ಮ ರಟ್ಟಿನ ಮೇಲೆ ಕೂತಳು. ತನ್ನ ಗಂಡನ ಮಂಡಿ ಒಂದು ದಿನದ ಮಾತು. ಇವರಿಗೆ ದಿನಾ ಇದೇ. ಮೈಯೆಲ್ಲ ಉರಿದುಹೋಯಿತು.

"ಆ ನಕ್ಷೆ ಬರೆದವನು ನನ್ನ ಕೈಗೆ ಸಿಗಲಿ. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಎಲ್ಲಾದ್ರೂ ಸಿಕ್ಕೇ ಸಿಗ್ತಾನೆ. ಉಗಿದು ಉಪ್ಪಿನಕಾಯಿ ಹಾಕ್ತೀನಿ."

"ನಮ್ಮ ಪಾಲಿಂದೂ ಸೇರಿಸಿ ಉಗೀರಿ ಅಕ್ಕ," ಎಂದು ಆ ಹೆಂಗಸು ನಕ್ಕಳು. "ಆಮೇಲೆ ಬಂದು ನಮಗೂ ಹೇಳಿ."

"ಹೇಳ್ತೀನಿ. ನಾಡಿದ್ದು ವಾಪಸ್ ಹೋಗೋದು ಇದೇ ದಾರಿಯಲ್ಲೇ."

ಬಸ್ಸು ಬಂದಾಗ ಹೊತ್ತು ಇಳಿಯುತ್ತಿತ್ತು. ಆಮೇಲೆ ಊರ ತುಂಬ ವಾಹನಗಳ ಸಂದಣಿ. ಸಿಗ್ನಲ್ಲಿನ ಪ್ರತಿ ಕೆಂಪು ದೀಪಕ್ಕೂ ರೈಟಮ್ಮ ಸೀಟಿನ ತುದಿಗೆ ಬಂದು ಕೂತಳು. ಇಳಿದು, ದಾರಿ ಕೇಳಿ, ಓಡುನಡಿಗೆಯಲ್ಲಿ ಸಭಾಭವನ ಮುಟ್ಟಿ, ಭಾರವಾದ ಬಾಗಿಲನ್ನು ತಳ್ಳಿದಾಗ ಒಳಗೆ ಜೋರಾಗಿ ಚಪ್ಪಾಳೆ ಬೀಳುತ್ತಿತ್ತು. ವೇದಿಕೆಯ ಮೇಲೆ ಮಗಳು ನಿಂತಿದ್ದಳು. ಗಾಜಿನ ಫಲಕವೊಂದು ಆಗಲೇ ಅವಳ ಕೈಯಲ್ಲಿತ್ತು. ಮುಂದಿನ ಸಾಲಿನಲ್ಲಿ ಗಂಡ ಕತ್ತು ಹೊರಳಿಸಿ ಹೊರಳಿಸಿ ಬಾಗಿಲ ಕಡೆ ನೋಡುತ್ತಿದ್ದ, ಆಗ ತಿರುಗದಿದ್ದ ಕತ್ತು ಈಗ ತಿರುಗುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಸೂಟ್‌ಕೇಸು ಕೂತಿತ್ತು.

ಹೆಸರು ಕೂಗಿ ಆಗಿತ್ತು. ಈ ಸಲವೂ ತಪ್ಪಿಹೋಗಿತ್ತು. ಇರಲಿ, ಕೊನೆಗೆ ಚಪ್ಪಾಳೆಯಾದರೂ ಸಿಕ್ಕಿತಲ್ಲ ಎಂದು ರೈಟಮ್ಮ ತಾನೂ ತಟ್ಟುವುದಕ್ಕೆ ಕೈ ಎತ್ತಿದಳು.

ಅಷ್ಟರಲ್ಲಿ ಮಗಳ ಹಿಂದಿನ ದೊಡ್ಡ ಪರದೆಯ ಮೇಲೆ ಚಿತ್ರ ಮೂಡಿತು. ಗಾಜಿನ ಬಾಗಿಲು. ಹೂಕುಂಡ. ಹುಲ್ಲು. ಕಾರಂಜಿ.

ಮುಖ್ಯ ಅತಿಥಿ ಮೈಕಿನಲ್ಲಿ ಹೊಗಳುತ್ತಿದ್ದರು. "ವಿಮಾನ ನಿಲ್ದಾಣದ ಹೊರಾಂಗಣವನ್ನು ಇಷ್ಟು ಸುಂದರವಾಗಿ ರೂಪಿಸಿದ್ದಾರೆ. ಹೊರಗೆ ಬಂದ ಕೂಡಲೇ ಗದ್ದಲವಿಲ್ಲ, ಹೊಗೆಯಿಲ್ಲ, ಜನಜಂಗುಳಿ ಕಣ್ಣಿಗೇ ಬೀಳುವುದಿಲ್ಲ. ಇದೆಲ್ಲ ಈ ಯುವತಿಯ ಕಲ್ಪನೆ."

ಮಗಳು ಮೈಕಿನ ಮುಂದೆ ಬಂದಳು. "ನಮ್ಮಮ್ಮ ಬಸ್ ಕಂಡಕ್ಟರ್. ನಮ್ಮಪ್ಪ ಬಸ್ ಡ್ರೈವರ್. ನಾನು ಬೆಳೆದದ್ದೇ ಬಸ್ಸಿನ ಎಂಜಿನ್ ಪಕ್ಕದಲ್ಲಿ ಮಲಗಿಕೊಂಡು. ಪ್ರಯಾಣಿಕರು ಅಂದ್ರೆ ಯಾರು ಅಂತ ನಾನು ಕಲಿತದ್ದು ಅವರಿಂದಲೇ," ಎಂದಳು.

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ರೈಟಮ್ಮನ ಎತ್ತಿದ ಕೈಗಳು ಒಂದಕ್ಕೊಂದು ತಾಗಲಿಲ್ಲ. ಆಕಾಶಕ್ಕೆ ಉಗುಳಿದರೆ ಎಲ್ಲಿ ಬೀಳುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರಮ್ಮ ಏನು ಕಲಿಸಿ ಬೆಳೆಸಿದ್ಲೋ ಎಂದು ಬೈದಿದ್ದಳಲ್ಲ, ಆ ಅಮ್ಮ ಇಲ್ಲೇ, ಬಾಗಿಲ ಹತ್ತಿರ ಕತ್ತಲಲ್ಲಿ ನಿಂತಿದ್ದಳು.

ಮಗಳ ಮನೆಯ ಅಡುಗೆಮನೆ ಚಿಕ್ಕದು, ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ಉಳಿಯಬೇಕು. ಆ ರಾತ್ರಿ ಗಂಡ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡಿದ್ದ. ಮಗಳು ಚಹಾಕ್ಕೆ ನೀರಿಟ್ಟಿದ್ದಳು. ದಾರಿಯುದ್ದಕ್ಕೂ ತಾಯಿ ಒಂದು ಮಾತೂ ಆಡಿರಲಿಲ್ಲ.

"ಹೇಳಮ್ಮ. ಏನಾದ್ರೂ ಅನ್ನು. ಲೇಟಾಗಿದ್ದು ನಿನ್ನ ತಪ್ಪಲ್ಲ, ನಂಗೆ ಬೇಜಾರಿಲ್ಲ," ಎಂದಳು ಮಗಳು.

"ನಂಗಿದೆ."

"ಟ್ಯಾಕ್ಸಿ ಮಾಡ್ಕೊಳಿ ಅಂತ ಹೇಳಿದ್ದೆ ತಾನೆ?"

ಆ ಮಾತಿಗೆ ಕಟ್ಟೆ ಒಡೆಯಿತು. "ಹೇಳಿದ್ದೆ. ಯಾಕೆ ಹೇಳಿದ್ದೆ? ಅಪ್ಪನ ಮಂಡಿ ಅಲ್ಲಿವರೆಗೆ ನಡೆಯಲ್ಲ ಅಂತ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಅಲ್ಲಿಟ್ಟೆ. ನಿಮ್ಮಪ್ಪನಿಗೆ ಟ್ಯಾಕ್ಸಿ ಕಳಿಸ್ತೀಯ, ಊರವರ ಅಪ್ಪಂದಿರಿಗೆ ಯಾರು ಕಳಿಸ್ತಾರೆ?"

ಮಗಳ ಮುಖ ಕೆಂಪಾಯಿತು. "ಅಮ್ಮ, ನಿಂಗೆ ಗೊತ್ತಿಲ್ಲ. ಮೊದಲು ಏರ್‌ಪೋರ್ಟಿನವರು ಬಸ್ ಸ್ಟಾಪೇ ಬೇಡ ಅಂದ್ರು. ಕಾರು ನಿಲ್ಲಿಸೋ ಜಾಗದಿಂದ ಅವರಿಗೆ ವರಮಾನ. ನಾನು ಜಗಳ ಆಡಿ ಅದನ್ನ ಉಳಿಸಿದೆ. ನಾನಿರದಿದ್ರೆ ಆ ಕಂಬನೂ ಇರ್ತಿರಲಿಲ್ಲ."

"ಉಳಿಸಿ ಹಿತ್ತಲಿಗೆ ಹಾಕಿದೆ. ಅಷ್ಟಾದ ಮೇಲೆ ವೇದಿಕೆ ಹತ್ತಿ ನಮ್ಮಮ್ಮ ಕಂಡಕ್ಟರ್ ಅಂದೆ. ನನ್ನನ್ನ ಅಲ್ಲಿ ಯಾಕೆ ಎಳೆದೆ? ನಾನು ಕಲಿಸಿದ್ದು ಅದಾ? ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಂಗೂ ನೀನು ಮುದ್ದೇ. ಆದ್ರೆ ಇವತ್ತು ನಿಂಗೆ ಚಪ್ಪಾಳೆ ಹೊಡೆಯೋಕೆ ನನ್ನ ಕೈ ಬರಲಿಲ್ಲ. ನೀನು ಹುಟ್ಟಿದಾಗಿಂದ ಕಾದಿದ್ದೆ ಆ ಒಂದು ಚಪ್ಪಾಳೆಗೆ. ಅದನ್ನೂ ಕಿತ್ಕೊಂಡೆ."

ಮಗಳು ಅತ್ತಳು. ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ರೈಟಮ್ಮ ಒಲೆ ಆರಿಸಿ ಒರೆಸುವ ಬಟ್ಟೆ ಹುಡುಕಿದಳು. ಅಳುವ ಮಗಳ ಕೆನ್ನೆ ಸವರಬೇಕು ಅನ್ನಿಸಿತು, ಸವರಲಿಲ್ಲ. ಕೋಪ ಹಾಗೇ ಇತ್ತು.

"ಪುಟ್ಟೀ," ಎಂದ ಗಂಡ ಬಾಗಿಲಿನಿಂದ. "ನಾಡಿದ್ದು ನಮ್ಮನ್ನ ಬಿಡೋಕೆ ಬಾ. ಬಸ್ಸಲ್ಲಿ ಬಾ. ನನ್ನ ಪೆಟ್ಟಿಗೆ ನೀನು ಹಿಡ್ಕೋ."

ಮಗಳು ಬಂದಳು. ಕಚೇರಿಗೆ ರಜೆ ಹಾಕಿ, ಬಿಳಿ ಬಟ್ಟೆ ತೊಟ್ಟು, ಸೂಟ್‌ಕೇಸು ಹಿಡಿದು ಬಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಲೇ ಇದ್ದಳು. ಕಂಬದ ಹತ್ತಿರ ಇಳಿದಾಗ ರೈಟಮ್ಮ ಈ ಸಲ ಎಲ್ಲರಿಗಿಂತ ಮೊದಲು ಇಳಿದು, ಕೈಗಳನ್ನು ಕಟ್ಟಿಕೊಂಡು ನಿಂತಳು. ಅಭ್ಯಾಸದ ಕೈಯನ್ನು ನಂಬುವ ಹಾಗಿಲ್ಲ.

ಜಲ್ಲಿಯ ಓಣಿಯಲ್ಲಿ ಸೂಟ್‌ಕೇಸಿನ ಗಾಲಿಗಳು ಮತ್ತೆ ಹೂತವು. ಮಗಳು ಎಳೆದಳು, ಬಗ್ಗಿ ನೋಡಿದಳು, ಮತ್ತೆ ಎಳೆದಳು. ಎತ್ತಿಕೋ ಎಂದು ತಾಯಿ ಹೇಳಲಿಲ್ಲ. ಕೊನೆಗೆ ಮಗಳೇ ಎತ್ತಿಕೊಂಡಳು. ಮೊನ್ನೆ ಕೂತ ಜಾಗಕ್ಕೇ ಬಂದಾಗ ಗಂಡ ಮತ್ತೆ ಸಿಮೆಂಟು ಕಲ್ಲಿನ ಮೇಲೆ ಕುಕ್ಕರಿಸಿದ. ಕೂರುವಾಗ ಅವನ ಬಾಯಿಂದ ಹೊರಟ ಸಣ್ಣ ನರಳಿಕೆ ಮೂವರಿಗೂ ಕೇಳಿಸಿತು.

ಮಗಳು ಸೂಟ್‌ಕೇಸು ಕೆಳಗಿಟ್ಟು, ಬಂದ ದಾರಿಯನ್ನು ನೋಡಿದಳು. ಹೋಗಬೇಕಾದ ದಾರಿಯನ್ನು ನೋಡಿದಳು. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದಿಷ್ಟು ಜಾಗ ಬಿಟ್ಟು ತಾಯಿಗೆ ತೋರಿಸಿದಳು.

"ನಕ್ಷೆಯಲ್ಲಿ ಇಷ್ಟೇ ಇತ್ತಮ್ಮ."

ಆಗ ವಿಮಾನ ನಿಲ್ದಾಣದ ಕಡೆಯಿಂದ ಕಂಕುಳಲ್ಲಿ ರಟ್ಟು ಸಿಕ್ಕಿಸಿಕೊಂಡು ನೆಲ ಒರೆಸುವ ಹೆಂಗಸು ಬಂದಳು. ಪಾಳಿ ಮುಗಿದಿತ್ತು. ಅವಳ ಪಕ್ಕದಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದ ಇನ್ನೊಬ್ಬಳಿದ್ದಳು.

"ಅಕ್ಕ! ಹೊರಟ್ರಾ?" ಎಂದು ಆ ಹೆಂಗಸು ದೂರದಿಂದಲೇ ಕೇಳಿದಳು. ಹತ್ತಿರ ಬಂದು ನಗುತ್ತ, "ಸಿಕ್ಕಿದ್ನಾ ಆ ಮಹಾನುಭಾವ? ಉಗಿದ್ರಾ?" ಎಂದಳು.

ಮಗಳು ತಾಯಿಯನ್ನು ನೋಡಿದಳು. ಇಲ್ಲಮ್ಮ, ಎಲ್ಲಿ ಸಿಗ್ತಾನೆ ಅಂಥವನು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ನಕ್ಕು ಮುಂದೆ ಹೋಗುತ್ತಿದ್ದರು. ಗಂಡನೂ ತಲೆಯೆತ್ತಿ ಹೆಂಡತಿಯ ಮುಖ ನೋಡಿದ; ಹೋಗಲಿ ಬಿಡೇ ಎನ್ನುವಂತಿತ್ತು ಆ ನೋಟ. ರೈಟಮ್ಮನಿಗೆ ಆ ಸುಳ್ಳು ನಾಲಿಗೆಯ ತುದಿಯವರೆಗೂ ಬಂತು. ಬಸುರಿ ಹೆಂಗಸು ಅಷ್ಟರಲ್ಲಿ ನಿಂತು, ಕಾರೊಂದರ ಮೇಲೆ ಕೈಯೂರಿ ಉಸಿರು ತೆಗೆದುಕೊಂಡಳು.

"ಸಿಕ್ಕಿದ್ಲು," ಎಂದಳು ರೈಟಮ್ಮ. "ಇವಳೇ. ನನ್ನ ಮಗಳು."

ಆ ಹೆಂಗಸಿನ ನಗು ನಿಂತಿತು. ಮಗಳನ್ನು ನೋಡಿದಳು. ಜಲ್ಲಿಯ ಧೂಳು ಮೆತ್ತಿದ ಬಿಳಿ ಬಟ್ಟೆ, ಬೆವರು, ಕಾಲ ಬಳಿಯ ಸೂಟ್‌ಕೇಸು. ಬೈಯುತ್ತಾಳೇನೋ ಎಂದು ಮೂವರೂ ಕಾದರು. ಅವಳು ಬೈಯಲಿಲ್ಲ. ಕಂಕುಳಿನ ರಟ್ಟನ್ನು ತೆಗೆದು, ಬಿಡಿಸಿ, ಕಲ್ಲಿನ ಮೇಲೆ ಹಾಕಿ ಅಂಗೈಯಿಂದ ಒಮ್ಮೆ ಸವರಿದಳು.

"ಕೂತ್ಕೊಳಿ ಮೇಡಂ. ಬಿಸಿಲಲ್ಲಿ ನಿಂತಿದ್ದೀರಿ."

"ಬೇಡ," ಎಂದಳು ಮಗಳು. "ಬೇಡ, ಅವರು ಕೂತ್ಕೊಳ್ಳಲಿ."

"ನಮಗೆ ಅಭ್ಯಾಸ ಆಗಿದೆ ಮೇಡಂ," ಎಂದಳು ಬಸುರಿ.

ಮಗಳು ಮತ್ತೆ ತಾಯಿಯ ಕಡೆ ತಿರುಗಿದಳು. ಶಾಲೆಯಿಂದ ಬಹುಮಾನ ಹಿಡಿದು ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದಾಗಿನ ಮುಖವೇ ಅದು. ಬಸ್ಸು ಹೊರಡುವುದರೊಳಗೆ ತಾಯಿ ಏನಾದರೂ ಹೇಳಬೇಕು ಎನ್ನುವ ಮುಖ. ಆದರೂ ರೈಟಮ್ಮ ಮಗಳ ಕೈ ಹಿಡಿಯಲಿಲ್ಲ.

"ಕೂತ್ಕೋ," ಎಂದಳು. "ಅವರು ಕೊಟ್ಟಿದ್ದಾರೆ. ಕೂತು ನೋಡು."

ಮಗಳು ರಟ್ಟಿನ ಮೇಲೆ, ಅಪ್ಪನ ಪಕ್ಕದಲ್ಲಿ ಕೂತಳು. ಅಲ್ಲಿಂದ ಕಾರುಗಳ ಹಿಂಬದಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.